ರೊಮೇನಿಯನ್‌ನಲ್ಲಿ ಮಾತು ಶುರು ಮಾಡೋದು ಹೇಗೆ? ಊರಿಗೊಂದು ನಮಸ್ಕಾರ

ರೊಮೇನಿಯಾದ ಕ್ಲೂಜ್ ಊರಿಗೆ ಹೋದ ಮೊದಲ ವಾರ. ಮನೆ ಪಕ್ಕದ ಬ್ರೆಡ್ ಅಂಗಡಿಗೆ ಹೋಗಿ, ಕಲಿತಿದ್ದ ಹಾಗೇ "ಬುನ ಜ಼ಿವಾ" ಅಂದೆ. ಕೌಂಟರ್ ಹಿಂದಿದ್ದ ಹೆಂಗಸು ಏಪ್ರನ್‌ಗೆ ಕೈ ಒರೆಸಿಕೊಂಡು, ನನ್ನ ಮುಖ ನೋಡಿ "ನೊ!" ಅಂದರು. ಅಂಗಡಿ ಮುಚ್ಚೋ ಹೊತ್ತಾಯ್ತೇನೋ ಅಂದುಕೊಂಡು ಬಾಗಿಲ ಕಡೆ ತಿರುಗಿದೆ. ಹಿಂದಿನಿಂದ ಅವರೇ ಕೂಗಿದರು: "ನೊ, ಚೆ ದೊರಿತ್ಸ್?" ಅಂದರೆ "ಹ್ಞೂಂ, ಏನು ಬೇಕು ಹೇಳಿ?"

ಆ 'ನೊ'ಗೂ ಇಂಗ್ಲಿಷಿನ 'ನೋ'ಗೂ ಯಾವ ನೆಂಟಸ್ತನವೂ ಇಲ್ಲ. ರೊಮೇನಿಯನ್‌ನಲ್ಲಿ 'ಇಲ್ಲ', 'ಬೇಡ' ಅನ್ನೋಕೆ 'ನು' ಅನ್ನುತ್ತಾರೆ. 'ನೊ' ಅನ್ನೋದು ಟ್ರಾನ್ಸಿಲ್ವೇನಿಯಾದ, ಅಂದರೆ ಕ್ಲೂಜ್ ಇರುವ ಪ್ರದೇಶದ ಮಾತು. ನಾವು "ಸರಿ, ಹೇಳಿ" ಅನ್ನುವಾಗಿನ 'ಸರಿ' ಅದು. ನನಗೆ ಆನ್‌ಲೈನ್‌ನಲ್ಲಿ ಪಾಠ ಹೇಳಿದವರು ರಾಜಧಾನಿ ಬುಕಾರೆಸ್ಟ್ ಕಡೆಯವರು. ಅವರ ಪಾಠದಲ್ಲಿ 'ನೊ' ಬಂದಿರಲೇ ಇಲ್ಲ.

ಕೆಲಸಕ್ಕೋ ಓದುವುದಕ್ಕೋ ರೊಮೇನಿಯಾಕ್ಕೆ ಅಥವಾ ಪಕ್ಕದ ಮೊಲ್ದೋವಾ ದೇಶಕ್ಕೆ ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪುಸ್ತಕದ ರೊಮೇನಿಯನ್ ಎಲ್ಲಾ ಕಡೆ ನಡೆಯುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಎದುರಿನವರು ಬಾಯಿ ತೆರೆದ ಮೊದಲ ಎರಡು ಪದ ನಿಮಗೆ ಗೊತ್ತಿಲ್ಲದ್ದಾಗಿದ್ದರೆ, ಮುಂದಿನ ವಾಕ್ಯ ಅರ್ಥವಾಗುವುದಿದ್ದರೂ ತಲೆ ಅಲ್ಲೇ ನಿಂತುಬಿಡುತ್ತದೆ. ನಾನು ಹೇಳೋದು ಇಷ್ಟೇ: ಎಲ್ಲಾ ಕಡೆಯ ನಮಸ್ಕಾರಗಳನ್ನು ಕಿವಿಗೆ ಹಾಕಿಕೊಳ್ಳಿ, ನಾಲಿಗೆಗೆ ಮಾತ್ರ ನಾಲ್ಕೈದೇ ಹಾಕಿಕೊಳ್ಳಿ.

ಹಂತ 1: ನಾಲಿಗೆಯನ್ನು ಹದ ಮಾಡಿಕೊಳ್ಳಿ

ಕನ್ನಡದವರಿಗೆ ಇಲ್ಲಿ ಲಾಭವೇ ಜಾಸ್ತಿ. ರೊಮೇನಿಯನ್‌ನ ತ, ದ ನಮ್ಮ ತ, ದ ಥರಾನೇ ಹಲ್ಲಿಗೆ ತಾಗುತ್ತವೆ. ಇಂಗ್ಲಿಷ್ ಅಭ್ಯಾಸದಿಂದ ಟ, ಡ ಅನ್ನಬೇಡಿ, ಅಷ್ಟೇ. 'ಜ಼' ಅಂತ ಚುಕ್ಕೆ ಹಾಕಿ ಬರೆದ ಕಡೆ 'ಜೇಬು' ಅನ್ನುವಾಗಿನ ಜ ಬೇಡ, ದುಂಬಿ ಗುಂಯ್‌ಗುಟ್ಟಿದ ಹಾಗಿರುವ ಜ ಬೇಕು.

ಅ, ಆ ವ್ಯತ್ಯಾಸ ಮುಖ್ಯ. 'ಕಾಸ' ಅಂದರೆ ಒಂದು ಮನೆ, ಯಾವುದೋ ಮನೆ. 'ಕಾಸಾ' ಅಂದರೆ ಆ ಮನೆ, ಗೊತ್ತಿರುವ ಮನೆ. ಕೊನೆಯ ಸ್ವರ ಬದಲಾದರೆ ಅರ್ಥವೇ ಬದಲಾಗುತ್ತದೆ. ಹಾಗಾಗಿ 'ಬುನ ಜ಼ಿವಾ' ಅನ್ನುವಾಗ ಮೊದಲ ಪದ 'ಬುನ' ಅಂತಲೇ ಮುಗಿಯಲಿ, 'ಬುನಾ' ಆಗದಿರಲಿ. ಇಂಗ್ಲಿಷಿನವರು ಇದನ್ನು ಕಲಿಯೋಕೆ ಒದ್ದಾಡುತ್ತಾರೆ. ನಮಗೆ ಅ-ಆ ತಿದ್ದಿದ ದಿನದಿಂದಲೇ ಗೊತ್ತು.

ಕಷ್ಟ ಬರುವುದು ಒಂದೇ ಸ್ವರದಲ್ಲಿ. 'ಕೈ' ಅನ್ನೋ ಪದ 'ಮುನಾ'. ಇಲ್ಲಿನ ಉಕಾರವನ್ನು ತುಟಿ ಗುಂಡಗೆ ಮಾಡದೆ ಹೇಳಬೇಕು. ತುಳು ಬಲ್ಲವರಿಗೆ ಇದು ಮನೆಯದೇ ಸ್ವರ. ತುಳುವಿನಲ್ಲಿ ಪದದ ಕೊನೆಗೆ ಬರುವ ಅರ್ಧ ಉಕಾರ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಕೊಡವರಿಗೂ ಸುಲಭ. ಉಳಿದವರು ಹಲ್ಲು ಕಾಣುವ ಹಾಗೆ ನಕ್ಕು, ಆ ತುಟಿಯಲ್ಲೇ 'ಉ' ಅನ್ನಿ. ಕನ್ನಡಿ ಮುಂದೆ ಮಾಡಿದರೆ ಒಳ್ಳೇದು, ಯಾರೂ ನೋಡದಿದ್ದಾಗ.

ಹಂತ 2: ಎಲ್ಲಾ ಕಡೆ ಸಲ್ಲುವ ಮಾತುಗಳು

ಬೆಳಿಗ್ಗೆ 'ಬುನ ದಿಮಿನ್ಯಾತ್ಸಾ'. ಹಗಲೆಲ್ಲ 'ಬುನ ಜ಼ಿವಾ'. ಸಂಜೆ 'ಬುನ ಸ್ಯಾರಾ'. 'ನ್ವಾಪ್ತೆ ಬುನ' ಅನ್ನೋದು ಶುಭರಾತ್ರಿ. ಅದನ್ನು ಹೊರಡುವಾಗ, ಮಲಗುವಾಗ ಮಾತ್ರ ಹೇಳಬೇಕು. ರಾತ್ರಿ ಒಂಬತ್ತಕ್ಕೆ ಯಾರದೋ ಮನೆ ಬಾಗಿಲಲ್ಲಿ ನಿಂತು ಅದನ್ನು ಹೇಳಿದರೆ, ಬಂದ ತಕ್ಷಣವೇ ವಾಪಸ್ ಹೊರಟ ಹಾಗಾಗುತ್ತದೆ.

ಇವನ್ನು ಎಲ್ಲಿ ಹೇಳಬೇಕು ಅನ್ನೋದು ನಮಗೆ ಹೊಸದು. ಅಂಗಡಿಗೆ ಕಾಲಿಟ್ಟ ತಕ್ಷಣ ಹೇಳಬೇಕು. ಲಿಫ್ಟ್‌ನಲ್ಲಿ, ಡಾಕ್ಟರ್ ಹತ್ತಿರ ಕಾಯುವ ಕೋಣೆಯಲ್ಲಿ, ರೈಲಿನ ಕಂಪಾರ್ಟ್‌ಮೆಂಟ್‌ನಲ್ಲಿ ಕೂಡ ಹೇಳಬೇಕು. ಯಾರನ್ನೂ ನಿರ್ದಿಷ್ಟವಾಗಿ ನೋಡಬೇಕಾಗಿಲ್ಲ, ಒಟ್ಟಾರೆ ಎಲ್ಲರಿಗೂ ಸೇರಿಸಿ ಒಂದು 'ಬುನ ಜ಼ಿವಾ' ಸಾಕು. ಹಳ್ಳಿಯಲ್ಲಾದರೆ ದಾರಿಯಲ್ಲಿ ಎದುರಾದ ಗುರುತಿಲ್ಲದವರಿಗೂ ಹೇಳಬೇಕು. ಹೇಳದೆ ಹೋದರೆ "ಯಾರಪ್ಪ ಇವನು, ಬಾಯಿಲ್ಲದವನು" ಅನ್ನೋ ನೋಟ ಬೆನ್ನಿಗೆ ತಾಗುತ್ತದೆ.

ದಾರಿ ಕೇಳೋಕೆ, ಏನಾದರೂ ವಿಚಾರಿಸೋಕೆ ಇಡೀ ದೇಶದಲ್ಲಿ ನಡೆಯುವ ಒಂದು ಶುರುವಾತು ಇದೆ: "ನು ವ ಸುಪರಾತ್ಸ್..." ಪದಕ್ಕೆ ಪದ ಹಿಡಿದರೆ "ಬೇಜಾರು ಮಾಡ್ಕೋಬೇಡಿ" ಅಂತ. ನಾವೂ ಹೀಗೇ ಅಲ್ವಾ? "ಬೇಜಾರ್ ಮಾಡ್ಕೋಬೇಡಿ, ಬಸ್ ಸ್ಟ್ಯಾಂಡ್ ಎಲ್ಲಿದೆ?" ಅವರೂ "ನು ವ ಸುಪರಾತ್ಸ್, ಉಂದೆ ಯೆ ಗಾರಾ?" ಅನ್ನುತ್ತಾರೆ. ಗಾರಾ ಅಂದರೆ ರೈಲ್ವೆ ಸ್ಟೇಷನ್. ಇದೊಂದು ವಾಕ್ಯ ಬಾಯಿಪಾಠ ಮಾಡಿ. ಇಂಗ್ಲಿಷ್ ಬಾರದ ಅಜ್ಜ ಅಜ್ಜಿಯರ ಹತ್ತಿರ ಇದು ಬೀಗದ ಕೈ.

ಹಂತ 3: ನೀನೋ, ನೀವೋ?

'ಹೇಗಿದ್ದೀಯಾ' ಅನ್ನೋದು "ಚೆ ಮಾಯ್ ಫಾಚ್?" 'ಹೇಗಿದ್ದೀರಾ' ಅನ್ನೋದು "ಚೆ ಮಾಯ್ ಫಾಚೆತ್ಸ್?" ನೀನು ಅಂದರೆ 'ತು', ನೀವು ಅಂದರೆ 'ದುಮ್ನ್ಯಾವ್ವಾಸ್ತ್ರ'. ಎರಡನೆಯದು ಉದ್ದ ಇದೆ, ಗೊತ್ತು. ಸಮಾಧಾನದ ವಿಷಯ ಏನಂದರೆ ಆ ಪದವನ್ನು ಹೇಳಲೇಬೇಕಂತಿಲ್ಲ. ಕ್ರಿಯಾಪದದ ಕೊನೆಯಲ್ಲಿ 'ತ್ಸ್' ಬಂದರೆ ಮರ್ಯಾದೆ ಕೊಟ್ಟ ಹಾಗೇ. ನಾವು 'ನೀವು' ಬಿಟ್ಟು ಬರೀ "ಬಂದ್ರಾ?" ಅಂದರೂ ಗೌರವ ಉಳಿಯುತ್ತದಲ್ಲ, ಹಾಗೆ.

ಇವೆರಡರ ನಡುವೆ ಮೂರನೆಯದೊಂದಿದೆ: 'ದುಮ್ನ್ಯಾತಾ'. ಇದಕ್ಕೆ ಕ್ರಿಯಾಪದ ಏಕವಚನವೇ. ಪೂರ್ತಿ 'ನೀನು' ಅಲ್ಲ, ಪೂರ್ತಿ 'ನೀವು' ಕೂಡ ಅಲ್ಲ. ಹಳ್ಳಿಯ ನೆರೆಹೊರೆಯಲ್ಲಿ, ವಯಸ್ಸಾದವರ ಬಾಯಲ್ಲಿ ಜಾಸ್ತಿ. ಇದರ ಮೊಟಕು ರೂಪ 'ಮಾತಾ', ಇನ್ನೊಂದು 'ಮಾತಾಲೆ'. ಅಜ್ಜಿಯೊಬ್ಬರು ನಿಮ್ಮನ್ನು 'ಮಾತಾ' ಅಂದರೆ ಗಾಬರಿಯಾಗಬೇಡಿ, ನಿಮ್ಮನ್ನು ತಾಯಿ ಅಂತಿಲ್ಲ. ನೀವು ಮಾತ್ರ ಇದನ್ನು ಬಳಸಲು ಹೋಗಬೇಡಿ. ಪಟ್ಟಣದ ಆಫೀಸಿನಲ್ಲಿ ಇದು ಸ್ವಲ್ಪ ಕೆಳಗಿಟ್ಟು ಮಾತಾಡಿದ ಹಾಗೆ ಕೇಳಬಹುದು.

ಹಂತ 4: ಯಾವ ಕಡೆ ಇದ್ದೀರಿ ಅಂತ ಕಿವಿಯಿಂದ ಕಂಡುಹಿಡಿಯಿರಿ

ಈಶಾನ್ಯದ ಮೊಲ್ದಾವಿಯಾ ಮತ್ತು ಬುಕಾರೆಸ್ಟ್ ಇರುವ ದಕ್ಷಿಣದ ವಲಾಕಿಯಾ 1859ರಲ್ಲಿ ಒಂದಾದವು. ಟ್ರಾನ್ಸಿಲ್ವೇನಿಯಾ, ಬನಾತ್ ಇವೆಲ್ಲ ಬಂದು ಸೇರಿದ್ದು 1918ರಲ್ಲಿ. ಅಲ್ಲಿಯವರೆಗೆ ಅವು ಆಸ್ಟ್ರಿಯಾ-ಹಂಗೇರಿಯ ಕೈಯಲ್ಲಿದ್ದವು. ಹಾಗಾಗಿ ಕಾರ್ಪೇಥಿಯನ್ ಬೆಟ್ಟದ ಆಚೆ, ಟ್ರಾನ್ಸಿಲ್ವೇನಿಯಾದ ಕಡೆ, ಜರ್ಮನ್, ಹಂಗೇರಿಯನ್ ಪದಗಳು ಬೆರೆತವು. ಈಚೆ ತುರ್ಕಿ, ಗ್ರೀಕ್ ಪದಗಳು ಬೆರೆತವು. ಅಷ್ಟಾದರೂ ಒಬ್ಬರ ಮಾತು ಇನ್ನೊಬ್ಬರಿಗೆ ಸಲೀಸಾಗಿ ಅರ್ಥವಾಗುತ್ತದೆ. ನನ್ನ ಕಿವಿಗೆ ಕೇಳುವ ಮಟ್ಟಿಗೆ, ಧಾರವಾಡದ ಕನ್ನಡಕ್ಕೂ ಮಂಗಳೂರಿನ ಕನ್ನಡಕ್ಕೂ ಇರುವಷ್ಟು ದೂರ ಕೂಡ ಇಲ್ಲ.

*ಟ್ರಾನ್ಸಿಲ್ವೇನಿಯಾ.* ಅಲ್ಲಿಯವರು ಇದನ್ನು ಆರ್ದ್ಯಾಲ್ ಅನ್ನುತ್ತಾರೆ. ಇಲ್ಲಿನ ಮೊದಲ ಮಾತು 'ಸೆರ್ವುಸ್'. ಲ್ಯಾಟಿನ್‌ನಲ್ಲಿ ಇದರ ಅರ್ಥ ಸೇವಕ, ಅಂದರೆ "ನಾನು ನಿಮ್ಮ ಸೇವಕ" ಅಂತ. ನಮ್ಮ ಹಳೇ ಕಾಗದಗಳ ಕೊನೆಯಲ್ಲಿ "ಇಂತಿ ತಮ್ಮ ವಿಧೇಯ" ಅಂತ ಬರೀತಿದ್ದರಲ್ಲ, ಆ ವಿಧೇಯತೆಯೇ ಇಲ್ಲಿ ನಮಸ್ಕಾರವಾಗಿ ನಿಂತಿದೆ. ವಿಯೆನ್ನಾದಲ್ಲೂ ಬವೇರಿಯಾದಲ್ಲೂ ಇದೇ ಪದ ಕೇಳುತ್ತೀರಿ. ಹಂಗೇರಿಯಲ್ಲೂ ಇದೆ. ಬರುವಾಗಲೂ ಸೆರ್ವುಸ್, ಹೋಗುವಾಗಲೂ ಸೆರ್ವುಸ್.

ವಿಧೇಯ ಅಂತ ಅರ್ಥ ಇದ್ದರೂ ಇದು 'ನೀನು' ಮಟ್ಟದ ಪದ ಅನ್ನೋದನ್ನು ಮರೆಯಬೇಡಿ. ಸ್ನೇಹಿತರು, ಜೊತೆ ಕೆಲಸ ಮಾಡುವವರು, ನಿಮ್ಮ ವಯಸ್ಸಿನ ಪಕ್ಕದ ಮನೆಯವರು, ಇವರಿಗೆ ಸರಿ. ಮನೆ ಮಾಲೀಕರಾದ ಎಪ್ಪತ್ತರ ಅಜ್ಜಿಗೆ, ಯೂನಿವರ್ಸಿಟಿಯ ಪ್ರೊಫೆಸರ್‌ಗೆ ಬೇಡ. ಇಲ್ಲೇ ಹುಡುಗರ ಬಾಯಲ್ಲಿ 'ಚಾವ್' ಕೂಡ ಓಡಾಡುತ್ತದೆ. ಅದು ಇಟಲಿಯದು. ವಿಚಿತ್ರ ಅಂದರೆ ಅದರ ಮೂಲದಲ್ಲೂ 'ಸೇವಕ' ಅನ್ನೋ ಅರ್ಥವೇ ಇದೆ.

ಇನ್ನು ಆ 'ನೊ'. ಇದೊಂದನ್ನು ಹಿಡಿದರೆ ಅರ್ಧ ಟ್ರಾನ್ಸಿಲ್ವೇನಿಯಾ ಹಿಡಿದ ಹಾಗೆ. "ನೊ, ಸೆರ್ವುಸ್" ಅಂದರೆ "ಓಹೋ, ಬಂದ್ಯಾ". "ನೊ, ಹಾಯ್" ಅಂದರೆ "ಸರಿ, ನಡಿ". "ನೊ, ಬಿನೆ" ಅಂದರೆ "ಆಯ್ತು ಬಿಡು". ಬರೀ "ನೊ..." ಅಂತ ಎಳೆದರೆ "ಹ್ಞೂಂ, ಆಮೇಲೆ?" ಬೇಸರ, ಖುಷಿ, ಅವಸರ ಎಲ್ಲಕ್ಕೂ ರಾಗ ಮಾತ್ರ ಬೇರೆ. ನನ್ನ ಸಹೋದ್ಯೋಗಿ ಒಬ್ಬ ಮೀಟಿಂಗ್ ಶುರುವಾಗುವಾಗ ಎರಡು ತೊಡೆಗೂ ಒಮ್ಮೆ ಅಂಗೈ ಬಡಿದು "ನೊ!" ಅನ್ನುತ್ತಿದ್ದ. ಮುಗಿಯುವಾಗಲೂ ಅದೇ ಬಡಿತ, ಅದೇ "ನೊ!" ಶುರುವಿನದು ಏರುತ್ತಿತ್ತು, ಮುಗಿಯುವುದು ಇಳಿಯುತ್ತಿತ್ತು. ಆರು ತಿಂಗಳಾದ ಮೇಲೆ ಮನೆಗೆ ಫೋನ್ ಮಾಡಿದಾಗ ನಾನೇ ಅಮ್ಮನಿಗೆ "ನೊ, ಹೇಳು" ಅಂದುಬಿಟ್ಟೆ. "ಯಾಕೆ, ಬೇಡ ಅಂದ್ರೆ ಇಡ್ತೀನಿ" ಅಂದರು ಅಮ್ಮ.

ಥ್ಯಾಂಕ್ಸ್‌ಗೆ ಪುಸ್ತಕದ 'ಮುಲ್ತ್ಸುಮೆಸ್ಕ್' ಬದಲು ಇಲ್ಲಿ 'ಮುಲ್ತ್ಸಾಮ್', ಇನ್ನೂ ಪ್ರೀತಿಯಿಂದ 'ಮುಲ್ತ್ಸಾಮ್ ಫಾಯ್ನ್'. 'ಫಾಯ್ನ್' ಜರ್ಮನ್‌ನಿಂದ ಬಂದದ್ದು, 'ಚೆಂದ' ಅಂತ ಅರ್ಥ. ಊಟ ಫಾಯ್ನ್, ಹವೆ ಫಾಯ್ನ್, ಮನುಷ್ಯನೂ ಫಾಯ್ನ್. ಆಶ್ಚರ್ಯಕ್ಕೆ 'ಯೊಯ್!' ಅನ್ನುತ್ತಾರೆ. ನಮ್ಮ 'ಅಯ್ಯೋ'ದ ತಲೆ ಕತ್ತರಿಸಿದ ಹಾಗಿದೆ, ಕಲಿಯುವ ಕಷ್ಟವೇ ಇಲ್ಲ. 'ತುಲಾಯ್!' ಅಂದರೆ ಇನ್ನೂ ಜೋರಿನ ಅಯ್ಯಯ್ಯೋ.

*ಮೊಲ್ದಾವಿಯಾ,* ಅಂದರೆ ರೊಮೇನಿಯಾದ ಈಶಾನ್ಯ ಭಾಗ, ಪಕ್ಕದ ಮೊಲ್ದೋವಾ ದೇಶ ಅಲ್ಲ. ಯಾಶ್, ಸುಚ್ಯಾವಾ ಊರುಗಳ ಕಡೆ. ಇಲ್ಲಿ ಪದಗಳಿಗಿಂತ ಉಚ್ಚಾರ ಜಾಸ್ತಿ ಬದಲಾಗುತ್ತದೆ. 'ಚ' ಇದ್ದ ಕಡೆ 'ಶ' ಬರುತ್ತದೆ. ಕೊನೆಯ ಎಕಾರ ಇಕಾರವಾಗುತ್ತದೆ. ಹಾಗಾಗಿ "ಚೆ ಫಾಚ್?" ಹೋಗಿ "ಶಿ ಫಾಶ್?" ಆಗುತ್ತದೆ. ಉತ್ತರವಾಗಿ ಬರಬೇಕಾದ 'ಬಿನೆ', ಅಂದರೆ 'ಚೆನ್ನಾಗಿದ್ದೀನಿ', ಇಲ್ಲಿ 'ಗಿನಿ'. ನೀವು 'ಬಿನೆ'ಗೆ ಕಾಯುತ್ತಿರುತ್ತೀರಿ, ಅದು ಬರುವುದೇ ಇಲ್ಲ! ಕಾಲು ಅನ್ನೋಕೆ ಪುಸ್ತಕದಲ್ಲಿ 'ಪಿಚೋರ್', ಇಲ್ಲಿನ ಹಳ್ಳಿಗಳಲ್ಲಿ 'ಕಿಶೋರ್'. ಕಿಶೋರ್ ಅನ್ನೋ ಹೆಸರಿನವರು ಆ ಕಡೆ ಹೋಗಿ ಪರಿಚಯ ಮಾಡಿಕೊಳ್ಳುವಾಗ ಎದುರಿನವರು ನಕ್ಕರೆ ಕಾರಣ ಇದು.

'ಈಗ' ಅನ್ನೋಕೆ 'ಅಮು' ಅನ್ನುತ್ತಾರೆ, ಪುಸ್ತಕದ 'ಅಕುಮ್' ಅಲ್ಲ. ಇದು ಟ್ರಾನ್ಸಿಲ್ವೇನಿಯಾದಲ್ಲೂ ಇದೆ. ಕರೆಯುವಾಗ 'ಮಯ್' ಅನ್ನೋದು ಹೆಚ್ಚು. ನಮ್ಮ 'ಕಣೋ', 'ಮಾರಾಯ' ಥರ ಸಲಿಗೆಯ ಪದ.

*ಓಲ್ತೇನಿಯಾ.* ದಕ್ಷಿಣ-ಪಶ್ಚಿಮ, ಕ್ರಾಯೋವಾ ಊರಿನ ಸುತ್ತ. ನನಗೆ ತುಂಬಾ ಇಷ್ಟವಾದ ಕಡೆ ಇದು. ಕಾರಣ ಅವರ ಭೂತಕಾಲ. ದೇಶದ ಉಳಿದ ಕಡೆ "ಊಟ ಮಾಡಿದ್ಯಾ?" ಅನ್ನೋಕೆ "ಆಯ್ ಮುಂಕಾತ್?" ಅಂತ ಎರಡು ಪದ ಬೇಕು. ಓಲ್ತೇನಿಯಾದವರು ಒಂದೇ ಪದದಲ್ಲಿ "ಮುಂಕಾಶ್?" ಅಂದು ಮುಗಿಸುತ್ತಾರೆ. ಉತ್ತರ "ಮುಂಕಾಯ್", ಮಾಡಿದೆ. "ಚೆ ಫಕುಶ್?" ಅಂದರೆ "ಏನು ಮಾಡಿದೆ?", ಅದೇ ಅಲ್ಲಿ "ಏನಪ್ಪಾ ಸಮಾಚಾರ?" ಕೂಡ. "ವೆನಿಶ್?" ಬಂದ್ಯಾ? "ಉಂದೆ ಫುಸೆಶ್?" ಎಲ್ಲಿಗೆ ಹೋಗಿದ್ದೆ?

ಈ ರೂಪ ಬುಕಾರೆಸ್ಟ್‌ನವರಿಗೆ ಕಥೆ ಕಾದಂಬರಿಯಲ್ಲಿ ಓದಿ ಮಾತ್ರ ಗೊತ್ತು. ಓಲ್ತೇನಿಯಾದಲ್ಲಿ ಇದು ದಿನದ ಮಾತು, ಅದಕ್ಕೊಂದು ಕಟ್ಟುನಿಟ್ಟಿನ ನಿಯಮ ಕೂಡ ಇದೆ. ಇವತ್ತು ಆದದ್ದಕ್ಕೆ ಮಾತ್ರ ಈ ರೂಪ. ನಿನ್ನೆ ಉಂಡದ್ದಕ್ಕೆ ಮತ್ತೆ ಎರಡು ಪದದ ರೂಪವೇ. ಬೆಳಿಗ್ಗೆ ಹೋಗಿ ಬಂದ ಸಂತೆಗೂ ನಿನ್ನೆ ಹೋಗಿದ್ದ ಸಂತೆಗೂ ಕ್ರಿಯಾಪದವೇ ಬೇರೆ! ಹಾಗಾಗಿ ಯಾರಾದರೂ ವೇಗವಾಗಿ, ಕೊನೆಯಲ್ಲಿ ಶ್, ಶ್ ಅಂತ ಎರಡೇ ಪದದಲ್ಲಿ ಪ್ರಶ್ನೆ ಎಸೆದರೆ ಅವರನ್ನು "ಕ್ರಾಯೋವಾ ಕಡೆಯವರಾ?" ಅಂತ ಕೇಳಿ. ಹತ್ತಕ್ಕೆ ಎಂಟು ಸಲ ಸರಿಹೋಗುತ್ತದೆ. ಅವರ ಮುಖ ಅರಳುತ್ತದೆ, ಮಾತು ತಾನಾಗಿ ಮುಂದೆ ಹೋಗುತ್ತದೆ.

*ಬನಾತ್.* ಪಶ್ಚಿಮದ ತುದಿ, ತಿಮಿಶ್ವಾರಾ ಊರು. ಇಲ್ಲಿ ಎ, ಇ ಸ್ವರ ಸೇರಿದ ತ, ದ ಮೆತ್ತಗಾಗಿ ಚ, ಜ ಆಗುತ್ತವೆ. 'ಫ್ರಾತೆ', ಅಂದರೆ ಅಣ್ಣತಮ್ಮ, ಇಲ್ಲಿ 'ಫ್ರಾಚೆ'. ದಿಮಿನ್ಯಾತ್ಸಾ ಇಲ್ಲಿ ಜಿಮಿನ್ಯಾತ್ಸಾ. "ತೊತ್ ಬನಾತು-ಯ್ ಫ್ರುಂಚ್ಯಾ" ಅಂತ ಅವರದೊಂದು ಹೆಮ್ಮೆಯ ಮಾತಿದೆ, "ಏನೇ ಅಂದ್ರೂ ಬನಾತೇ ಮುಂದು" ಅಂತ. 'ಫ್ರುಂಚ್ಯಾ' ಕೂಡ ಅದೇ ನಿಯಮದಲ್ಲಿ ಬಂದ ಉಚ್ಚಾರ. ಬನಾತಿನವರ ಎದುರು ಈ ಮಾತು ಹೇಳಿದರೆ ಬಿಯರ್ ಅವರ ಲೆಕ್ಕ. ಗೆಳೆಯನಿಗೆ 'ಓರ್ತಾಕ್' ಅನ್ನುತ್ತಾರೆ, ತುರ್ಕಿ ಪದ, ಸರ್ಬಿಯಾ ದಾಟಿ ಬಂದದ್ದು.

*ಬುಕಾರೆಸ್ಟ್* ಬಗ್ಗೆ ಹೇಳೋದು ಕಡಿಮೆ, ಯಾಕಂದರೆ ಪುಸ್ತಕದ ಭಾಷೆ ಹೆಚ್ಚುಕಡಿಮೆ ಇವರದೇ. ಅವಸರದ ಊರು, ಹಾಗಾಗಿ 'ಬುನ ದಿಮಿನ್ಯಾತ್ಸಾ' ಸವೆದು ಬರೀ 'ನ್ಯಾತ್ಸಾ' ಆಗಿದೆ. ಗೆಳೆಯರಲ್ಲಿ 'ಸಾಲುತ್'. 'ದೋಮ್ನುಲೆ', ಅಂದರೆ ಸ್ವಾಮೀ, ಸವೆದು 'ದೋಮ್ಲೆ'. ವಾಕ್ಯದ ಮಧ್ಯೆ ಎಲ್ಲೆಂದರಲ್ಲಿ ದೋಮ್ಲೆ ಬರುತ್ತದೆ, ನಿಮ್ಮನ್ನೇ ಕರೆದರು ಅಂತ ತಿರುಗಬೇಡಿ.

ಗಣಿ ಕೆಲಸಗಾರರ ಜಿಯು ಕಣಿವೆಯದು ಬೇರೆಯೇ ಮಾತು: 'ನೊರೊಕ್ ಬುನ್'. ಒಳ್ಳೇ ಅದೃಷ್ಟ ಅಂತ. ನೆಲದಡಿಗೆ ಇಳಿಯುವವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದಕ್ಕೆ ಇದಕ್ಕಿಂತ ಬೇರೆ ಬೇಕಾ? ಬರೀ 'ನೊರೊಕ್' ಮಾತ್ರ ಎಲ್ಲಾ ಕಡೆ ಇದೆ. ಗಂಡಸರು ಕೈ ಕುಲುಕುವಾಗ, ಗ್ಲಾಸು ತಾಗಿಸುವಾಗ ಇದನ್ನು ಹೇಳುತ್ತಾರೆ. ಯಾರಾದರೂ ಸೀನಿದಾಗಲೂ ಇದೇ. ನಮ್ಮಲ್ಲಿ ಮಗು ಸೀನಿದರೆ "ನೂರು ವರ್ಷ ಬಾಳು" ಅಂದ ಹಾಗೆ.

ಹಂತ 5: 'ಸರು ಮುನಾ', ಜಾಗ ನೋಡಿ

ಇದಕ್ಕೆ ಬೇರೆಯೇ ಹಂತ ಕೊಡಬೇಕು. ಪೂರ್ತಿ ರೂಪ 'ಸರುತ್ ಮುನಾ', "ಕೈಗೆ ಮುತ್ತಿಡುತ್ತೇನೆ" ಅಂತ. ವೇಗದಲ್ಲಿ 'ಸರ್‌ಮುನಾ' ಅಂತ ಒಂದೇ ಪದ. ನಿಜವಾಗಿ ಕೈಗೆ ಮುತ್ತಿಡುವವರು ಈಗ ಕಡಿಮೆ, ಮಾತು ಮಾತ್ರ ಉಳಿದಿದೆ. ನಾವು ಫೋನಿನಲ್ಲಿ "ಅಜ್ಜಿ, ಕಾಲಿಗೆ ಬಿದ್ದೆ" ಅಂತೀವಲ್ಲ, ಯಾರ ಕಾಲೂ ಅಲ್ಲಿರುವುದಿಲ್ಲ.

ಯಾರು ಯಾರಿಗೆ ಹೇಳಬೇಕು? ಮಕ್ಕಳು ದೊಡ್ಡವರಿಗೆ ಹೇಳುತ್ತಾರೆ. ಗಂಡಸರು ವಯಸ್ಸಾದ ಹೆಂಗಸರಿಗೆ ಹೇಳುತ್ತಾರೆ. ಎಲ್ಲರೂ ಪಾದ್ರಿಗೆ ಹೇಳುತ್ತಾರೆ, "ಸರು ಮುನಾ, ಪರಿಂತೆ" ಅಂತ. ಊಟ ಮುಗಿದು ಏಳುವಾಗ ಮನೆಯೊಡತಿಗೆ "ಸರು ಮುನಾ ಪೆಂತ್ರು ಮಾಸ" ಅನ್ನುತ್ತಾರೆ, "ಊಟಕ್ಕೆ ಕೈ ಮುಗಿದೆ" ಅಂತಿಟ್ಟುಕೊಳ್ಳಿ. ಯಾರದೇ ಮನೆಯಲ್ಲಿ ಉಂಡಾಗ ಇದೊಂದನ್ನು ಹೇಳಿ ನೋಡಿ. ಮುಂದಿನ ಸಲ ನಿಮ್ಮ ತಟ್ಟೆಗೆ ಬೀಳುವ ಸರ್ಮಾಲೆ ಎರಡು ಜಾಸ್ತಿ ಇರುತ್ತವೆ. (ಸರ್ಮಾಲೆ ಅಂದರೆ ಹುಳಿಗೆ ಹಾಕಿದ ಎಲೆಕೋಸಿನ ಎಲೆಯಲ್ಲಿ ಮಾಂಸ, ಅಕ್ಕಿ ಸುತ್ತಿ ಬೇಯಿಸಿದ್ದು. ಸಸ್ಯಾಹಾರಿಗಳು ಮೊದಲೇ ಹೇಳಿಬಿಡಿ. ಉಪವಾಸದ ದಿನಗಳಿಗೆ ಮಾಂಸ ಹಾಕದೆಯೂ ಮಾಡುತ್ತಾರೆ.)

ಎಡವಟ್ಟು ಆಗುವುದು ಇಲ್ಲಿ: ನಲವತ್ತರ ಆಸುಪಾಸಿನ ಹೆಂಗಸಿಗೆ ಮೂವತ್ತೈದರ ಗಂಡಸು 'ಸರು ಮುನಾ' ಅಂದರೆ ಆಕೆಗೆ "ನಾನು ಅಷ್ಟು ಮುದುಕಿಯಾ?" ಅನ್ನಿಸಬಹುದು. ನಮ್ಮಲ್ಲಿ ಆಂಟಿ ಅಂದು ಬೈಸಿಕೊಳ್ಳುವ ಕಥೆಯೇ. ಅನುಮಾನ ಬಂದರೆ 'ಬುನ ಜ಼ಿವಾ'ಗೆ ವಾಪಸ್ ಬನ್ನಿ. ಆಫೀಸಿನಲ್ಲಂತೂ ಬೇಡವೇ ಬೇಡ.

ಇದರ ಗಂಡು ಜೋಡಿ ಇದ್ದ ಹಾಗೆ 'ಸ ತ್ರಯಿತ್ಸ್' ಅಂತ ಒಂದಿದೆ, "ಬಾಳಿ" ಅಂತ. ಸೈನ್ಯದಲ್ಲಿ, ಪೊಲೀಸರಲ್ಲಿ ಮೇಲಿನವರಿಗೆ ಕೆಳಗಿನವರು ಹೇಳುವುದು. ಹೊರಗೂ ದೊಡ್ಡ ಅಧಿಕಾರಿಗೆ ಕೆಲವರು ಹೇಳುತ್ತಾರೆ, ಸ್ವಲ್ಪ ಬೆನ್ನು ಬಾಗಿದ ಧ್ವನಿಯಲ್ಲಿ.

ಹಂತ 6: ಹೆಸರಿನ ಜೊತೆ ಏನು ಸೇರಿಸೋದು?

ನಮ್ಮಲ್ಲಿ ಅಣ್ಣ, ಅಕ್ಕ, ಮಾಮ ಇರುವ ಹಾಗೆ ಅಲ್ಲಿನ ಹಳ್ಳಿಗಳಲ್ಲೂ ಇವೆ, ಪ್ರದೇಶಕ್ಕೊಂದು. ದಕ್ಷಿಣದಲ್ಲಿ ದೊಡ್ಡ ಗಂಡಸು 'ನ್ಯಾ': ನ್ಯಾ ಇಯೊನ್, ನ್ಯಾ ಗಿತ್ಸ. ಟ್ರಾನ್ಸಿಲ್ವೇನಿಯಾದಲ್ಲಿ 'ಬಾದೆ', ಮೊಲ್ದಾವಿಯಾದಲ್ಲಿ 'ಬದಿಯೆ'. ಬನಾತ್‌ನಲ್ಲಿ 'ಉಯ್ಕ'. ಹೆಂಗಸರಿಗೆ ಟ್ರಾನ್ಸಿಲ್ವೇನಿಯಾದಲ್ಲಿ 'ಲೇಲೆ' ಅಥವಾ 'ನಾನ', ದಕ್ಷಿಣದಲ್ಲಿ 'ತ್ಸಾತ್ಸ'. ಪಟ್ಟಣದಲ್ಲಿ ಈ 'ತ್ಸಾತ್ಸ'ಕ್ಕೆ ಜಗಳಗಂಟಿ ಅನ್ನೋ ಅರ್ಥ ಅಂಟಿಕೊಂಡಿದೆ, ಕೇಳಿ ತಿಳಿಯಿರಿ, ಹೇಳಬೇಡಿ. ಫ್ರೆಂಚ್‌ನಿಂದ ಬಂದ 'ತಾಂತಿ' ಎಲ್ಲಾ ಕಡೆ ನಡೆಯುತ್ತದೆ, ನಮ್ಮ ಆಂಟಿಯ ಅಪಾಯಗಳ ಸಮೇತ.

ಕರೆಯುವಾಗ ಹೆಸರೂ ಬದಲಾಗುತ್ತದೆ. ಇಯೊನ್ ಇದ್ದವನು ಕೂಗಿದಾಗ 'ಇಯ್ವಾನೆ!' ನಾವು ರಾಮನನ್ನು "ರಾಮಾ!" ಅನ್ನುವ ಹಾಗೆ. ಸಂಬೋಧನಾ ವಿಭಕ್ತಿ ಅಂತ ಸ್ಕೂಲಿನಲ್ಲಿ ಓದಿದ್ದು ಇಲ್ಲಿ ಉಪಯೋಗಕ್ಕೆ ಬಂತು.

ಎರಡು ಪದಗಳ ಬಗ್ಗೆ ಎಚ್ಚರ. ಗಂಡಸರಿಗೆ 'ಮ', ಹೆಂಗಸರಿಗೆ 'ಫ'. ಎರಡೂ 'ಲೋ', 'ಲೇ' ಮಟ್ಟದವು. ಓಲ್ತೇನಿಯಾದ ಮನೆಗಳಲ್ಲಿ ಪ್ರೀತಿಯಿಂದಲೇ ಬರುತ್ತವೆ. ಹೊರಗಿನವರ ಬಾಯಿಂದ ಬಂದರೆ ಪ್ರೀತಿ ಕಾಣುವುದಿಲ್ಲ, ಬೈಗುಳ ಮಾತ್ರ ಕಾಣುತ್ತದೆ.

ಹಂತ 7: ಎರಡನೇ ವಾಕ್ಯ

ನಮಸ್ಕಾರ ಆಯ್ತು. ಮುಂದೆ? ಕೆಲಸ ಮಾಡುತ್ತಿರುವವರನ್ನು ದಾಟುವಾಗ ಟ್ರಾನ್ಸಿಲ್ವೇನಿಯಾದಲ್ಲಿ "ಸ್ಪೊರ್ ಲಾ ಲುಕ್ರು!" ಅನ್ನುತ್ತಾರೆ, ದಕ್ಷಿಣದಲ್ಲಿ "ಸ್ಪೊರ್ ಲಾ ತ್ರ್ಯಾಬ!" ಕೆಲಸ ಚೆನ್ನಾಗಿ ಸಾಗಲಿ ಅಂತ. ಊಟ ಮಾಡುತ್ತಿರುವವರಿಗೆ "ಪೊಫ್ತ ಬುನ". ಆಫೀಸಿನ ಅಡುಗೆಕೋಣೆಯಲ್ಲಿ ಡಬ್ಬಿ ತೆರೆದು ಕೂತರೆ ಬಂದವರೆಲ್ಲ ನಿಮಗೂ ಹೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಅನ್ನ ಇಟ್ಟುಕೊಂಡೇ "ಮುಲ್ತ್ಸುಮೆಸ್ಕ್" ಅನ್ನಬೇಕು.

ಹೆಸರಿನ ದಿನಗಳನ್ನು, ಅಂದರೆ ಆ ಹೆಸರಿನ ಸಂತರ ಹಬ್ಬದ ದಿನಗಳನ್ನು ನೆನಪಿಡಿ. ಜನವರಿ 7 ಇಯೊನ್ ಹೆಸರಿನವರ ದಿನ. ಏಪ್ರಿಲ್ 23 ಗ್ಯೋರ್ಗೆ, ಆಗಸ್ಟ್ 15 ಮರಿಯಾ, ನವೆಂಬರ್ 8 ಮಿಹಾಯ್ ಮತ್ತು ಗವ್ರಿಲ್, ಡಿಸೆಂಬರ್ 6 ನಿಕೊಲಾಯೆ. ಆ ದಿನ ಅವರಿಗೆ "ಲಾ ಮುಲ್ತ್ಸ್ ಆನ್" ಅಂತ ಒಂದು ಮೆಸೇಜ್ ಹಾಕಿ. ಹುಟ್ಟುಹಬ್ಬಕ್ಕೂ ಹೊಸ ವರ್ಷಕ್ಕೂ ಇದೇ ಮಾತು. ಈಸ್ಟರ್ ಬಂದರೆ ನಮಸ್ಕಾರವೇ ಬದಲಾಗಿಬಿಡುತ್ತದೆ. "ಹ್ರಿಸ್ತೋಸ್ ಆ ಇನ್ವಿಯಾತ್" ಅಂದರೆ "ಆದೆವರಾತ್ ಆ ಇನ್ವಿಯಾತ್" ಅಂತ ಉತ್ತರ: ಕ್ರಿಸ್ತ ಎದ್ದ, ನಿಜವಾಗಿ ಎದ್ದ. ಈಸ್ಟರ್‌ನಿಂದ ನಲವತ್ತು ದಿನ ಇದು ಕೇಳಿಸುತ್ತದೆ. ನಿಮ್ಮ ಧರ್ಮ ಯಾವುದೇ ಇರಲಿ, ಎದುರಿನವರು ಹೇಳಿದಾಗ ಉತ್ತರ ಗೊತ್ತಿದ್ದರೆ ಮುಜುಗರ ತಪ್ಪುತ್ತದೆ.

ಯಾವ ಹಬ್ಬವೂ ಇಲ್ಲದ ದಿನಕ್ಕೆ ನನ್ನ ಸ್ವಂತ ಉಪಾಯ ಒಂದಿದೆ: ಆಲೂಗಡ್ಡೆ. "ನಿಮ್ಮೂರಲ್ಲಿ ಆಲೂಗಡ್ಡೆಗೆ ಏನಂತಾರೆ?" ಅಂತ ಕೇಳಿ. ಪುಸ್ತಕದ ಪದ 'ಕರ್ತೋಫ್'. ಬನಾತಿನವರು 'ಕ್ರುಂಪ್' ಅನ್ನುತ್ತಾರೆ. ಮೊಲ್ದಾವಿಯಾ, ಅದರ ಉತ್ತರದ ಬುಕೊವಿನಾದ ಕಡೆ 'ಬರಾಬುಲೆ'. ಉತ್ತರದ ತುದಿಯ ಮರಮುರೆಶ್ ಕಡೆಯವರು 'ಪಿಚೊಯ್ಚ್' ಅನ್ನುತ್ತಾರೆ. ಮೆಕ್ಕೆಜೋಳವೂ ಹೀಗೇ. ದಕ್ಷಿಣದಲ್ಲಿ 'ಪೊರುಂಬ್', ಟ್ರಾನ್ಸಿಲ್ವೇನಿಯಾದಲ್ಲಿ 'ಕುಕುರುಜ಼್', ಮೊಲ್ದಾವಿಯಾದಲ್ಲಿ 'ಪಪುಶೊಯ್'. ಕಲ್ಲಂಗಡಿ ಬುಕಾರೆಸ್ಟ್‌ನಲ್ಲಿ 'ಪೇಪೆನೆ ವೆರ್ದೆ', ಮೊಲ್ದಾವಿಯಾದಲ್ಲಿ 'ಹರ್ಬುಜ಼್', ಬನಾತ್ ಓಲ್ತೇನಿಯಾದಲ್ಲಿ 'ಲುಬೆನಿತ್ಸ'. ಬೇರೆ ಬೇರೆ ಊರಿನ ಮೂವರು ಒಂದು ಮೇಜಿಗೆ ಕೂತಿರುವಾಗ ಈ ಪ್ರಶ್ನೆ ಹಾಕಿ, ಆಮೇಲೆ ನೀವು ಅರ್ಧ ಗಂಟೆ ಬಾಯಿ ತೆರೆಯಬೇಕಾಗಿಲ್ಲ. 1930ರ ದಶಕದಲ್ಲಿ ಸೆವೆರ್ ಪೊಪ್, ಎಮಿಲ್ ಪೆತ್ರೋವಿಚ್ ಅನ್ನೋ ಇಬ್ಬರು ಭಾಷಾತಜ್ಞರು ಕ್ಲೂಜ್‌ನಿಂದ ಹೊರಟು ಹಳ್ಳಿ ಹಳ್ಳಿ ಸುತ್ತಿ ಇಂಥ ಸಾವಿರಾರು ಪ್ರಶ್ನೆ ಕೇಳಿ ಭಾಷೆಯ ನಕ್ಷೆಯನ್ನೇ ಮಾಡಿದ್ದರು. ನಿಮಗೆ ಒಂದು ಆಲೂಗಡ್ಡೆ ಸಾಕು.

ಯಾವುದನ್ನು ಹೇಳಬಹುದು, ಯಾವುದನ್ನು ಕೇಳಿ ಸುಮ್ಮನಿರಬೇಕು

ಟ್ರಾನ್ಸಿಲ್ವೇನಿಯಾದಲ್ಲಿದ್ದರೆ ಸೆರ್ವುಸ್, ನೊ, ಮುಲ್ತ್ಸಾಮ್, ಫಾಯ್ನ್ ಧಾರಾಳವಾಗಿ ಬಳಸಿ. ನೊರೊಕ್ ಎಲ್ಲಾ ಕಡೆ ಸರಿ. 'ಶಿ ಫಾಶ್', 'ಗಿನಿ', 'ಫ್ರಾಚೆ' ಇವನ್ನು ಮಾತ್ರ ಅನುಕರಿಸಬೇಡಿ. ಮೊಲ್ದಾವಿಯಾದ ಉಚ್ಚಾರವನ್ನು ಟಿವಿ ಕಾಮಿಡಿಗಳಲ್ಲಿ ಆಡಿಕೊಂಡು ಆಡಿಕೊಂಡು ಅವರಿಗೆ ಸಾಕಾಗಿದೆ. ಬೆಂಗಳೂರಿನವರು ಸಿನಿಮಾ ಶೈಲಿಯಲ್ಲಿ ಮಂಗಳೂರು ಕನ್ನಡ ಮಾತಾಡಿ ತೋರಿಸಿದರೆ ಮಂಗಳೂರಿನವರ ಮುಖ ಹೇಗಾಗುತ್ತದೆ ನೆನಪಿಸಿಕೊಳ್ಳಿ. ಪದ ಎರವಲು ತಂದರೆ ಖುಷಿಪಡುತ್ತಾರೆ, ರಾಗ ಎರವಲು ತಂದರೆ ಅಣಕ ಅಂದುಕೊಳ್ಳುತ್ತಾರೆ.

ಮೊಲ್ದೋವಾ ದೇಶಕ್ಕೆ, ಅಂದರೆ ಕಿಶಿನೌಗೆ ಮೆಡಿಕಲ್ ಓದಲು ಹೋಗುವವರು ನಮ್ಮವರಲ್ಲೂ ಇದ್ದಾರೆ. ಅಲ್ಲಿನ ಭಾಷೆಯೂ ರೊಮೇನಿಯನ್ನೇ. ಕಾನೂನಿನಲ್ಲಿ 'ಮೊಲ್ದೋವನ್ ಭಾಷೆ' ಅಂತಿದ್ದ ಕಡೆಯೆಲ್ಲ 'ರೊಮೇನಿಯನ್ ಭಾಷೆ' ಅಂತ ಬದಲಿಸಿದ್ದು 2023ರಲ್ಲಿ. ಉಚ್ಚಾರ ಯಾಶ್ ಕಡೆಯದಕ್ಕೆ ಹತ್ತಿರ. ಮಾತಿನ ಮಧ್ಯೆ ರಷ್ಯನ್ ಪದಗಳು ಬರುತ್ತವೆ. 'ದವಾಯ್' ಅಂತೂ ಸರಿ, ನಡಿ, ಬರ್ತೀನಿ, ಎಲ್ಲಕ್ಕೂ ಆಗುತ್ತದೆ. ಒಂದೇ ಎಚ್ಚರ: ಭಾಷೆಯ ಹೆಸರಿನ ವಿಷಯ ಅಲ್ಲಿ ರಾಜಕೀಯ. ಮೊದಲ ಭೇಟಿಯಲ್ಲೇ "ನಿಮ್ಮದು ಯಾವ ಭಾಷೆ?" ಅಂತ ಮಾತು ಶುರು ಮಾಡಬೇಡಿ. ಆಲೂಗಡ್ಡೆಯಿಂದಲೇ ಶುರು ಮಾಡಿ.

ಶುರು ಮಾಡಿದ್ದನ್ನು ನಿಲ್ಲಿಸೋದು ಗೊತ್ತಿರಬೇಕಲ್ಲ. 'ಲಾ ರೆವೆದೇರೆ' ಮರ್ಯಾದೆಯದು, 'ಪಾ' ಸಲಿಗೆಯದು. ಟ್ರಾನ್ಸಿಲ್ವೇನಿಯಾದ ಫೋನಿನಲ್ಲಿ ಇದು ಒಂದೇ ಸಲಕ್ಕೆ ಮುಗಿಯುವುದಿಲ್ಲ. "ನೊ, ಬಿನೆ. ನೊ, ಹಾಯ್. ಹಾಯ್, ಸೆರ್ವುಸ್. ಪಾ, ಪಾ, ಪಾ." ನಮ್ಮ "ಸರಿ, ಆಯ್ತು, ಇಡ್ತೀನಿ, ಹ್ಞಾಂ, ಇಡ್ಲಾ?" ಇದ್ದ ಹಾಗೇ. ಮೂರನೇ 'ಪಾ' ಕೇಳಿದ ಮೇಲೆ ಫೋನ್ ಇಡಬಹುದು.